ದನ ತಿಂದರೂ ಸಾಯದ ಪೊಟ್ಟಣ

ಯುಗಾದಿ ಕಳೆದು ಮುಂಗಾರು ಹಿಡಿಯುವುದರೊಳಗೆ ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹೇರಬೇಕು. ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಸೀಮೆಯ ಮಳೆಯಾಶ್ರಿತ ಬೇಸಾಯದಲ್ಲಿ ಇದು ಇಂದಿಗೂ ತಪ್ಪದ ಕೆಲಸ. ಕೊಟ್ಟಿಗೆಯ ಸಗಣಿ, ದನ ತಿಂದು ಬಿಟ್ಟ ದಂಟು, ಒಲೆಯ ಬೂದಿ, ಕಸಬರಿಗೆಗೆ ಸಿಕ್ಕ ಮನೆಯ ಕಸ ಎಲ್ಲವೂ ವರ್ಷವಿಡೀ ಒಂದೇ ಕಡೆ ಬಿದ್ದು, ಮಳೆ ಬಿಸಿಲಿಗೆ ಕೊಳೆತು, ಬೇಸಿಗೆಯ ಹೊತ್ತಿಗೆ ಕಪ್ಪು ಗೊಬ್ಬರವಾಗಿ ಮಸಾರಿ ಹೊಲಕ್ಕೋ ಎರಿ ಹೊಲಕ್ಕೋ ಹೋಗುತ್ತದೆ. ಮನೆಯಿಂದ ಆಚೆ ಬಿದ್ದದ್ದೆಲ್ಲ ಮಣ್ಣು ಸೇರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಏರ್ಪಾಡು ಅದು. ಆ ನಂಬಿಕೆ ಒಂದೇ ತಲೆಮಾರಿನಲ್ಲಿ ಮುರಿದುಬಿತ್ತು. ಈಗ ಗೊಬ್ಬರ ಹರಡಿದ ಹೊಲದಲ್ಲಿ ಗುಟ್ಕಾ ಚೀಟಿ, ಶಾಂಪೂ ಪಾಕೀಟು, ಹರಿದ ಕ್ಯಾರಿಬ್ಯಾಗು, ತೆಳು ಪ್ಲಾಸ್ಟಿಕ್ ಲೋಟಗಳು ಬಿಸಿಲಿಗೆ ಮಿನುಗುತ್ತವೆ. ಕುಂಟೆ ಹೊಡೆದಾಗ ಕುಡಕ್ಕೆ ಸುತ್ತಿಕೊಳ್ಳುತ್ತವೆ. ಆರಿಸಿ ಬದುವಿಗೆ ಎಸೆದರೆ ಗಾಳಿ ಮತ್ತೆ ಹೊಲಕ್ಕೇ ತಂದು ಹಾಕುತ್ತದೆ.

ತಿಪ್ಪೆ ಸೇರುವ ಮುನ್ನವೇ ಈ ಕಸದ ಒಂದು ಪಾಲು ದನದ ಬಾಯಿ ಸೇರುತ್ತದೆ. ಸಂತೆ ಮುಗಿದ ಬಯಲಿನಲ್ಲಿ, ಬಸ್ ನಿಲ್ದಾಣದ ಹಿಂದೆ, ಕಲ್ಯಾಣ ಮಂಟಪದ ಬದಿಯಲ್ಲಿ ದನ ಹುಡುಕುವುದು ಅನ್ನ, ಬಾಳೆಸಿಪ್ಪೆ, ತರಕಾರಿ ಚೂರುಗಳನ್ನು. ಅವು ಗಂಟು ಕಟ್ಟಿದ ಚೀಲದೊಳಗೆ ಇರುತ್ತವೆ. ಗಂಟು ಬಿಚ್ಚಲು ದನಕ್ಕೆ ಕೈಯಿಲ್ಲ, ಚೀಲ ಸಮೇತ ನುಂಗುತ್ತದೆ. ಅದರ ಮೊದಲ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಒಣ ಸೊಪ್ಪೆಯನ್ನೂ ಒಡೆದು ಅರಗಿಸುವ ಆ ಜೀವಿಗಳಿಗೆ ಪಾಲಿಥೀನ್ ಮಾತ್ರ ಬಗ್ಗುವುದಿಲ್ಲ. ಅದು ಮುಂದಿನ ಹೊಟ್ಟೆಗೆ ಜಾರದೆ, ಹೊರಗೂ ಬೀಳದೆ ಒಂದಕ್ಕೊಂದು ಹೆಣೆದು ಉಂಡೆಯಾಗುತ್ತದೆ. ಮೇವು ಹಿಡಿಸುವ ಜಾಗ ಕಡಿಮೆಯಾಗುತ್ತ ಹೋಗುತ್ತದೆ, ಹಾಲು ಇಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಕೊನೆಗೆ ಹೊಟ್ಟೆ ತುಂಬಿದ ದನ ಹಸಿದು ಸಾಯುತ್ತದೆ.

ಇದನ್ನು ದೇಶದ ಕಣ್ಣಿಗೆ ಬೀಳುವಂತೆ ಮಾಡಿದ ಊರು ನಮಗೆ ದೂರದ್ದಲ್ಲ. ಗಡಿಯಾಚೆ ಪುಟ್ಟಪರ್ತಿಯ ಕರುಣಾ ಸೊಸೈಟಿಯವರು ಬೀದಿ ದನಗಳ ಹೊಟ್ಟೆ ಕೊಯ್ದು, ಒಂದೊಂದರಿಂದ ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರತೆಗೆದರು. 2012ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಅದೇ ವರ್ಷ ‘ದಿ ಪ್ಲಾಸ್ಟಿಕ್ ಕೌ’ ಎಂಬ ಸಾಕ್ಷ್ಯಚಿತ್ರವೂ ಬಂತು. ಪ್ಲಾಸ್ಟಿಕ್ಕಿಗೆ ಬದಲಿ ಯಾವುದು ಎಂಬ ಚರ್ಚೆ ನಡೆದಾಗಲೆಲ್ಲ ನನಗೆ ಆ ಶಸ್ತ್ರಚಿಕಿತ್ಸೆಯ ಮೇಜೇ ಅಳತೆಗೋಲು ಎನ್ನಿಸುತ್ತದೆ. ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳು, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ದನ ಕುರಿಗಳನ್ನು ನೆಚ್ಚಿ ಬದುಕುವ ಸೀಮೆ. ಬಳ್ಳಾರಿ ಎಂಬ ಹೆಸರಿನ ಕುರಿ ತಳಿಯೇ ಇರುವ ನಾಡು ಇದು. ಇಲ್ಲಿ ಯಾವುದೇ ಪೊಟ್ಟಣವನ್ನು ಕೇಳಬೇಕಾದ ಮೊದಲ ಪ್ರಶ್ನೆ, ದನ ತಿಂದರೆ ಏನಾಗುತ್ತದೆ ಎಂಬುದು.

ಮುದ್ರೆ ಒಂದು, ಮಣ್ಣು ಇನ್ನೊಂದು

ಬಯೋಡಿಗ್ರೇಡಬಲ್, ಕಾಂಪೋಸ್ಟಬಲ್, ಇಕೋ ಫ್ರೆಂಡ್ಲಿ: ಹಸಿರು ಎಲೆಯ ಚಿತ್ರದೊಂದಿಗೆ ಇಂಥ ಮುದ್ರೆ ಹೊತ್ತ ಚೀಲಗಳು ಈಗ ತಾಲ್ಲೂಕು ಕೇಂದ್ರದ ಅಂಗಡಿಗಳಿಗೂ ಬಂದಿವೆ. ಇವುಗಳಲ್ಲಿ ಹಲವು ಪಿಎಲ್‌ಎ ಎಂಬ ವಸ್ತುವಿನವು. ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆಯನ್ನು ಹುಳಿಯಿಸಿ ಬರುವ ಲ್ಯಾಕ್ಟಿಕ್ ಆಮ್ಲದಿಂದ ಇದನ್ನು ಮಾಡುತ್ತಾರೆ. ಮೂಲ ಸಸ್ಯವೇ ಹೌದು. ಆದರೆ ಅದು ಸರಿಯಾಗಿ ಕೊಳೆಯಬೇಕಾದರೆ 60 ಡಿಗ್ರಿಯ ಆಸುಪಾಸಿನ ಶಾಖವನ್ನು ವಾರಗಟ್ಟಲೆ ಹಿಡಿದಿಡುವ ಕಾಂಪೋಸ್ಟ್ ಘಟಕ ಬೇಕು. ತಿಪ್ಪೆಯಲ್ಲಿ ಅಂಥ ಬಿಸಿ ವಾರಗಟ್ಟಲೆ ನಿಲ್ಲುವುದಿಲ್ಲ, ಬಯಲಿನ ಚರಂಡಿಯಲ್ಲಿ ಹುಟ್ಟುವುದೇ ಇಲ್ಲ. ‘ಮೆಕ್ಕೆಜೋಳದ ಚೀಲ’ ಎಂದು ಮಾರುವ ಇನ್ನೂ ಹಲವು ಚೀಲಗಳಲ್ಲಿ ಪಿಷ್ಟದ ಜತೆಗೆ ಪಿಬಿಎಟಿ ಎಂಬ, ಕಚ್ಚಾ ತೈಲದಿಂದ ಬಂದ ಪಾಲಿಮರ್ ಬೆರೆತಿರುತ್ತದೆ. ಅದು ಕೊಳೆಯುತ್ತದೆ ಎಂಬುದು ನಿಜ. ತಿನ್ನುವ ವಸ್ತುವಂತೂ ಅಲ್ಲ.

ಕಾನೂನಿಗೂ ಈ ಗೊಂದಲ ತಟ್ಟಿದೆ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲಿನ ದೇಶವ್ಯಾಪಿ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂತು. ಅದೇ ವರ್ಷದ ಕೊನೆಯಿಂದ ಕ್ಯಾರಿಬ್ಯಾಗು 120 ಮೈಕ್ರಾನ್‌ಗಿಂತ ತೆಳ್ಳಗಿರುವಂತಿಲ್ಲ. 2024ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಯೋಡಿಗ್ರೇಡಬಲ್ ಎನ್ನಿಸಿಕೊಳ್ಳುವ ಪ್ಲಾಸ್ಟಿಕ್ ಮೈಕ್ರೋಪ್ಲಾಸ್ಟಿಕ್ ಕಣಗಳನ್ನು ಉಳಿಸಬಾರದು ಎಂದು ಹೇಳಿತು. ಹೀಗೆ ಅಳತೆ ಬಿಗಿಯಾಗುತ್ತ ಬಂದಿರುವುದು ಒಳ್ಳೆಯದೇ. ಆದರೂ ಅವೆಲ್ಲ ಪ್ರಯೋಗಾಲಯದಲ್ಲಿ ತೀರ್ಮಾನವಾಗುವ ಅಳತೆಗಳು. ಕೊಟ್ಟೂರಿನ ಚಿಲ್ಲರೆ ಅಂಗಡಿಯವರಿಗಾಗಲಿ ಕೊಳ್ಳುವವರಿಗಾಗಲಿ ಚೀಲ ಮುಟ್ಟಿ ನೋಡಿದರೆ ತಿಳಿಯುವುದಿಲ್ಲ. ‘ತಿನ್ನಬಹುದು’ ಎಂಬ ಅಳತೆಯಲ್ಲಿ ಅಂಥ ಮಸುಕಿಲ್ಲ. ಮನುಷ್ಯ ತಿನ್ನಬಹುದಾದ ಪದಾರ್ಥಗಳಿಂದಲೇ ಮಾಡಿದ್ದಾದರೆ ಅದು ಜಾನುವಾರಿಗೂ ಸರಿ, ಎರೆಹುಳುವಿಗೂ ಸರಿ, ತಿಪ್ಪೆಗೂ ಸರಿ. ಖಾದ್ಯ ಪೊಟ್ಟಣ ಎಂದರೆ ಊಟವಾದ ಮೇಲೆ ತಟ್ಟೆಯನ್ನೂ ಕಡಿದು ತಿನ್ನುವ ಪಟ್ಟಣದ ಮೋಜು ಎಂದು ನಮ್ಮ ಕಡೆ ಹಲವರು ತಿಳಿದಿದ್ದಾರೆ. ಯಾರೂ ತಿನ್ನದೇ ಇದ್ದರೂ ಅದರ ಬೆಲೆ ಕಡಿಮೆಯಾಗುವುದಿಲ್ಲ. ತಿನ್ನಬಹುದಾದ ಪದಾರ್ಥ ಮಾತ್ರ ಒಳಗಿರಬೇಕು ಎಂಬ ಕಟ್ಟುಪಾಡೇ ಅದರ ದೊಡ್ಡ ಗುಣ.

ಗಂಜಿ ಒಣಗಿದರೆ ಹಾಳೆ

ಈ ಪೊಟ್ಟಣದ ವಿಜ್ಞಾನ ನಮ್ಮ ಮಾಳಿಗೆಯ ಮೇಲೆ ಪ್ರತಿ ಬೇಸಿಗೆ ನಡೆಯುತ್ತದೆ. ಸಂಡಿಗೆಗೆ ಕಾಸಿದ ಗಂಜಿಯನ್ನು ಬಟ್ಟೆಯ ಮೇಲೆ ತೆಳ್ಳಗೆ ಹರವಿ ಬಿಸಿಲಿಗೆ ಬಿಟ್ಟರೆ ಸಂಜೆಗೆ ಅರೆಪಾರದರ್ಶಕ ಹಾಳೆಯಾಗಿ ಏಳುತ್ತದಲ್ಲ, ಅದೇ ಬಯೋಪಾಲಿಮರ್ ಪದರ. ಪಿಷ್ಟದಲ್ಲಿ ಅಮೈಲೋಸ್ ಎಂಬ ಉದ್ದನೆಯ ಸರಪಳಿ, ಅಮೈಲೋಪೆಕ್ಟಿನ್ ಎಂಬ ಕವಲೊಡೆದ ಸರಪಳಿ ಇರುತ್ತವೆ. ನೀರಿನಲ್ಲಿ ಕುದಿಸಿದಾಗ ಪಿಷ್ಟದ ಕಾಳು ಉಬ್ಬಿ ಒಡೆದು ಸರಪಳಿಗಳು ಹೊರಬರುತ್ತವೆ. ಒಣಗುವಾಗ ಒಂದರ ಮಗ್ಗುಲಿಗೆ ಒಂದು ಒತ್ತಿ ಕೂತು ಹಾಳೆ ಕಟ್ಟುತ್ತವೆ. ಬರೀ ಪಿಷ್ಟವಾದರೆ ಹಾಳೆ ಪಟಪಟ ಮುರಿಯುತ್ತದೆ. ಸ್ವಲ್ಪ ಗ್ಲಿಸರಿನ್ ಸೇರಿಸಿದರೆ ಸರಪಳಿಗಳ ನಡುವೆ ಜಾರುವಿಕೆ ಬಂದು ಹಾಳೆ ಬಾಗುತ್ತದೆ, ಮಡಿಚಲು ಬರುತ್ತದೆ. ಗ್ಲಿಸರಿನ್ ಕೂಡ ಆಹಾರದಲ್ಲಿ ಬಳಸುವ ಪದಾರ್ಥವೇ. ಗೋದಾವರಿ ತೀರದ ಆತ್ರೇಯಪುರದಲ್ಲಿ ಬೋರಲು ಹಾಕಿದ ಮಡಕೆಯ ಕೆಳಗೆ ಬೆಂಕಿ ಇಟ್ಟು, ಅಕ್ಕಿ ಹಿಟ್ಟಿನ ತೆಳು ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಎಳೆದು, ಕಾಗದಕ್ಕಿಂತ ತೆಳುವಾದ ಹಾಳೆ ತೆಗೆಯುತ್ತಾರೆ. ಬೆಲ್ಲ, ತುಪ್ಪ ಸೇರಿಸಿ ಅದರಲ್ಲಿ ಸುತ್ತುವ ಪೂತರೇಕುಲು ಎಂಬ ಆ ಸಿಹಿಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಹೊದಿಕೆಯೇ ತಿನಿಸಾದ ಪದಾರ್ಥವೊಂದು ನೆರೆಯ ನಾಡಿನಲ್ಲಿ ಹಳೆಯ ಕಾಲದಿಂದ ಬಾಳಿ ಬಂದಿದೆ.

ಪಿಷ್ಟ ಒಂದೇ ದಾರಿಯೂ ಅಲ್ಲ. ಮೆಕ್ಕೆಜೋಳದಲ್ಲಿ ಝೀನ್ ಎಂಬ ಪ್ರೋಟೀನ್ ಇದೆ. ಅದು ನೀರಿಗೆ ಕರಗುವುದಿಲ್ಲ, ಮಿಠಾಯಿ ಮಾತ್ರೆಗಳಿಗೆ ಹೊಳಪಿನ ಲೇಪವಾಗಿ ಈಗಾಗಲೇ ಬಳಕೆಯಲ್ಲಿದೆ. ಹಾಲಿನ ಕೇಸಿನ್‌ಗೆ ಹಣ್ಣಿನ ಪೆಕ್ಟಿನ್ ಬೆರೆಸಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಮಾಡಿದ ಪದರ 2016ರಲ್ಲಿ ಸುದ್ದಿಯಾಯಿತು. ಆಮ್ಲಜನಕವನ್ನು ತಡೆಯುವುದರಲ್ಲಿ ಅದು ಸಾಮಾನ್ಯ ಪ್ಲಾಸ್ಟಿಕ್ ಹಾಳೆಗಿಂತ 500 ಪಟ್ಟಿನವರೆಗೆ ಮೇಲು ಎಂದು ಅವರು ವರದಿ ಮಾಡಿದರು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) 1950ರಿಂದ ಆಹಾರ ಸಂಸ್ಕರಣೆಯಲ್ಲಿ ತೊಡಗಿದ್ದು, ಖಾದ್ಯ ಪದರ ಮತ್ತು ಲೇಪಗಳ ಮೇಲೂ ಅಲ್ಲಿ ಸಂಶೋಧನೆ ನಡೆದಿದೆ.

ಕೂಡ್ಲಿಗಿ ಸೀಮೆಯವರು ಹೆಚ್ಚು ಕಿವಿಗೊಡಬೇಕಾದ ಸಂಗತಿ ಹುಣಸೆ ಬೀಜದ್ದು. ಹುಣಸೆ ಬಡಿದು ಸಿಪ್ಪೆ ತೆಗೆದು ಬೀಜ ಬಿಡಿಸುವ ಕೆಲಸಕ್ಕೆ ಇಲ್ಲಿ ಮನೆಮಂದಿಯೆಲ್ಲ ಕೂರುತ್ತಾರೆ. ಹಣ್ಣಿಗೆ ಬೆಲೆ, ಬೀಜಕ್ಕೆ ಚಿಲ್ಲರೆ. ಆದರೆ 1942ರಲ್ಲೇ ಘೋಷ್ ಮತ್ತು ಕೃಷ್ಣ ಎಂಬ ಇಬ್ಬರು ಭಾರತೀಯ ವಿಜ್ಞಾನಿಗಳು, ಸಿಪ್ಪೆ ತೆಗೆದ ಹುಣಸೆ ಬೀಜದ ಬೇಳೆಯಲ್ಲಿ ಶೇ 46ರಿಂದ 48ರಷ್ಟು ಜೆಲ್ ಕಟ್ಟುವ ಪದಾರ್ಥವಿದೆ ಎಂದು ಪ್ರಕಟಿಸಿದ್ದರು. ಅದೇ ಝೈಲೋಗ್ಲೂಕ್ಯಾನ್. ಸೆಣಬು, ಹತ್ತಿ ಗಿರಣಿಗಳು ನೂಲಿಗೆ ಗಂಜಿ ಹಾಕಲು ಆ ಪುಡಿಯನ್ನು ಬಳಸುತ್ತ ಬಂದಿವೆ. ಜಪಾನಿನಲ್ಲಿ ಅದನ್ನು ಶುದ್ಧಗೊಳಿಸಿ ಸಾಸ್, ಐಸ್‌ಕ್ರೀಮ್‌ಗಳನ್ನು ಮಂದಗೊಳಿಸಲು ಹಾಕುತ್ತಾರೆ. ಅದರಿಂದ ಖಾದ್ಯ ಹಾಳೆ ಎಳೆಯಬಹುದು ಎಂಬುದನ್ನೂ ಸಂಶೋಧಕರು ತೋರಿಸಿದ್ದಾರೆ. ಊಟದ ಕಾಳಿಗೆ ಕೈ ಹಾಕದೆ ಸಿಗುವ ಪಾಲಿಮರ್ ಇದು. ಬಡವರ ಜೋಳವನ್ನು ಪೊಟ್ಟಣಕ್ಕೆ ಸುರಿಯುವುದು ನ್ಯಾಯವೇ ಎಂದು ಕೇಳುವವರಿಗೆ ನನ್ನ ಬಳಿ ಇರುವ ಉತ್ತರವೂ ಇದೇ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಕೃಷಿ ತ್ಯಾಜ್ಯದಿಂದ ಪೊಟ್ಟಣ ಎಂದು ಹೊರಗಿನವರು ಸಲೀಸಾಗಿ ಹೇಳುತ್ತಾರೆ. ನಮ್ಮ ಒಣಬೇಸಾಯದಲ್ಲಿ ಜೋಳದ ಸೊಪ್ಪೆ, ಶೇಂಗಾ ಹೊಟ್ಟು ತ್ಯಾಜ್ಯವಲ್ಲ, ಬೇಸಿಗೆಯ ಮೇವು. ಅದನ್ನು ಕಾರ್ಖಾನೆಗೆ ಕೊಟ್ಟು ದನ ಉಳಿಸುತ್ತೇವೆ ಎನ್ನಲಾಗದು.

ಈಗಾಗಲೇ ಮಾಡಿ ನೋಡಿದವರು

ಮಂಗಳೂರು ಮೂಲದ ಅಶ್ವತ್ಥ್ ಹೆಗ್ಡೆ ಕಟ್ಟಿದ ಎನ್ವಿಗ್ರೀನ್ ಬಯೋಟೆಕ್ ಸಂಸ್ಥೆ ಬೆಂಗಳೂರಿನಲ್ಲಿ ಆಲೂಗಡ್ಡೆ, ಮರಗೆಣಸು, ಮೆಕ್ಕೆಜೋಳ, ಬಾಳೆ, ಸಸ್ಯಜನ್ಯ ಎಣ್ಣೆಗಳಂಥ ಪದಾರ್ಥಗಳಿಂದ ಚೀಲ ತಯಾರಿಸಿ, 2016ರ ಹೊತ್ತಿಗೆ ದೇಶದ ಗಮನ ಸೆಳೆಯಿತು. ತಣ್ಣೀರಿನಲ್ಲಿ ಒಂದು ದಿನದೊಳಗೆ, ಕುದಿಯುವ ನೀರಿನಲ್ಲಿ 15 ಸೆಕೆಂಡಿನಲ್ಲಿ ಕರಗುತ್ತದೆ, ಪ್ರಾಣಿಗಳು ತಿಂದರೂ ತೊಂದರೆಯಿಲ್ಲ ಎಂಬುದು ಅವರ ಹೇಳಿಕೆ. ಪ್ಲಾಸ್ಟಿಕ್ ಚೀಲಕ್ಕಿಂತ ಶೇ 35ರಷ್ಟು ದುಬಾರಿ ಎಂದು ಆಗ ವರದಿಯಾಗಿತ್ತು. ನೀರಿನಲ್ಲಿ ಕರಗುವುದು ಅದರ ಹೆಚ್ಚುಗಾರಿಕೆ, ಕಷ್ಟವೂ ಅದೇ. ಮಳೆಯಲ್ಲಿ ತರಕಾರಿ ಹೊತ್ತು ತರುವ ಚೀಲ ಮನೆ ಮುಟ್ಟುವವರೆಗಾದರೂ ತಾಳಬೇಕು.

2021ರ ಆಗಸ್ಟ್‌ನಲ್ಲಿ ತಿರುಮಲದಲ್ಲಿ ಲಡ್ಡು ಪ್ರಸಾದಕ್ಕೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ಮೆಕ್ಕೆಜೋಳದ ಪಿಷ್ಟ ಆಧಾರಿತ ಚೀಲಗಳ ಮಾರಾಟ ಆರಂಭವಾಯಿತು. 90 ದಿನಗಳಲ್ಲಿ ಕೊಳೆಯುತ್ತದೆ, ದನ ತಿಂದರೂ ಹಾನಿಯಿಲ್ಲ ಎಂದು ಆಗ ಹೇಳಲಾಯಿತು. ಕ್ಷಿಪಣಿ ಮಾಡುವ ಸಂಸ್ಥೆ ದೇವಸ್ಥಾನದ ಚೀಲದ ಬಗ್ಗೆ ಮಾತಾಡುವಾಗ ದನವನ್ನು ನೆನೆದದ್ದು ನನಗೆ ಬಹಳ ಮುಖ್ಯವಾಗಿ ಕಂಡಿತು.

ನಮ್ಮ ಸೀಮೆಗೆ ತೀರ ಹತ್ತಿರದ ಕಥೆ ಹೈದರಾಬಾದಿನ ನಾರಾಯಣ ಪೀಸಪಾಟಿ ಅವರದು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ಸಂಶೋಧಕರಾಗಿದ್ದ ಅವರು ಅಂತರ್ಜಲ ಬತ್ತುವುದನ್ನು ಅಭ್ಯಾಸ ಮಾಡುತ್ತಿದ್ದರು. ರೈತರು ಜೋಳ ಬಿಟ್ಟು ಭತ್ತಕ್ಕೆ ಹೊರಳಿದ್ದು ಬಾವಿಗಳು ಬರಿದಾಗಲು ಒಂದು ಕಾರಣ, ಜೋಳಕ್ಕೆ ಮಾರುಕಟ್ಟೆ ಹುಟ್ಟಿದರೆ ನೀರು ಉಳಿಯುತ್ತದೆ ಎಂಬುದು ಅವರ ಲೆಕ್ಕ. ಒಣಗಿ ಗಟ್ಟಿಯಾದ ಜೋಳದ ರೊಟ್ಟಿಯನ್ನು ಮುರಿದು ಅದರಲ್ಲೇ ಪಲ್ಯ ಎತ್ತಿಕೊಂಡು ತಿಂದ ಅನುಭವ ಅವರಿಗೆ ದಾರಿ ತೋರಿತು. 2010ರಲ್ಲಿ ಬೇಕೀಸ್ ಎಂಬ ಸಂಸ್ಥೆ ಆರಂಭಿಸಿ ಜೋಳ, ಅಕ್ಕಿ, ಗೋಧಿ ಹಿಟ್ಟಿನ ಚಮಚ ಸುಟ್ಟರು. 2016ರಲ್ಲಿ ಆ ಚಮಚದ ವಿಡಿಯೊ ಜಗತ್ತೆಲ್ಲ ಹರಿದಾಡಿತು. ಖಡಕ್ ರೊಟ್ಟಿ ತಟ್ಟಿ, ಒಲೆಯ ಮಗ್ಗುಲಲ್ಲಿ ಒಣಗಿಸಿ, ತಿಂಗಳುಗಟ್ಟಲೆ ಕೆಡದಂತೆ ಬುಟ್ಟಿಯಲ್ಲಿ ಜೋಡಿಸಿಡುವ ಹೆಂಗಸರು ನಮ್ಮ ಪ್ರತಿ ಓಣಿಯಲ್ಲಿದ್ದಾರೆ. ತೇವ ಎಷ್ಟು ಇಳಿಯಬೇಕು, ಹಿಟ್ಟಿಗೆ ಬಿಸಿನೀರು ಎಷ್ಟು, ಎಲ್ಲಿ ಬಿರಿಯುತ್ತದೆ ಎಂಬುದನ್ನು ಬೆರಳಿನಲ್ಲೇ ಅಳೆಯಬಲ್ಲ ಅವರಿಗೆ ಅಚ್ಚಿನಲ್ಲಿ ಒತ್ತಿದ ಜೋಳದ ದೊನ್ನೆ, ಲೋಟ, ಚಮಚ ಹೊಸ ವಿದ್ಯೆಯಾಗಲಾರದು.

ತೇರಿನ ದಾರಿಯಲ್ಲಿ

ಮಾಘ ಮಾಸದಲ್ಲಿ ನಮ್ಮ ಸೀಮೆಯ ಎರಡು ದೊಡ್ಡ ಜಾತ್ರೆಗಳು ಕೂಡಿಬರುತ್ತವೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಕಾರಣಿಕ ಎಂಬ ಭವಿಷ್ಯವಾಣಿ, ಅದರ ಬೆನ್ನಿಗೇ ಕೊಟ್ಟೂರು ಗುರುಬಸವೇಶ್ವರನ ರಥೋತ್ಸವ. ಕೊಟ್ಟೂರಿಗೆ ದಾವಣಗೆರೆ, ಚಿತ್ರದುರ್ಗದ ಕಡೆಗಳಿಂದ ಜನ ರಾತ್ರಿ ಹಗಲು ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಭಕ್ತರು ಪೆಂಡಾಲು ಹಾಕಿ ಉಪ್ಪಿಟ್ಟು, ಮಂಡಕ್ಕಿ, ಮಜ್ಜಿಗೆ, ಬಾಳೆಹಣ್ಣು, ನೀರು ಕೊಟ್ಟು ಕಾಲು ಒತ್ತಿ ಕಳಿಸುತ್ತಾರೆ. ಇಷ್ಟು ದೊಡ್ಡ ದಾಸೋಹ ಯಾರ ಅಪ್ಪಣೆಯೂ ಇಲ್ಲದೆ ನಡೆಯುತ್ತದೆ ಎಂಬುದೇ ನಮ್ಮ ನೆಲದ ಹಿರಿಮೆ. ಮರುದಿನ ಅದೇ ರಸ್ತೆಯ ಎರಡೂ ಬದಿಗೆ ಲೋಟ, ತಟ್ಟೆ, ನೀರಿನ ಪಾಕೀಟುಗಳ ಸಾಲು. ಮೈಲಾರಕ್ಕಂತೂ ಬಂಡಿ ಕಟ್ಟಿಕೊಂಡು ಬಂದು ಬಯಲಲ್ಲೇ ಬಿಡಾರ ಹೂಡುವವರಿದ್ದಾರೆ. ಉಣ್ಣುವ ಜನ, ಮೇಯುವ ಎತ್ತು ಒಂದೇ ಕಡೆ.

ಪ್ಲಾಸ್ಟಿಕ್ ಲೋಟ ಬೇಡವೆಂದು ಕಾಗದದ ಲೋಟ ಹಿಡಿದವರು ಒಂದು ಸಂಗತಿ ತಿಳಿಯಬೇಕು. ಅದರ ಒಳಮೈಗೆ ತೆಳು ಪ್ಲಾಸ್ಟಿಕ್ ಲೇಪ ಇರುತ್ತದೆ. ಅಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ಪಾನೀಯ 15 ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುಗಡೆಯಾಗುತ್ತವೆ ಎಂದು ಖರಗ್‌ಪುರ ಐಐಟಿಯ ಸಂಶೋಧಕರು 2020ರಲ್ಲಿ ಕಂಡುಕೊಂಡರು. ಮಿರ್ಚಿ ಮಂಡಕ್ಕಿಯನ್ನು ಪತ್ರಿಕೆಯಲ್ಲಿ ಕಟ್ಟಿಕೊಡುವ ಹಳೆಯ ರೂಢಿಗೂ ಮರಳುವಂತಿಲ್ಲ. ಮುದ್ರಣದ ಶಾಯಿ ಎಣ್ಣೆಯೊಂದಿಗೆ ಹೊಟ್ಟೆ ಸೇರುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ.

ತಟ್ಟೆಯ ಮಟ್ಟಿಗೆ ಹೊಸ ಪಾಲಿಮರ್ ಹುಡುಕುವ ಅಗತ್ಯವೇ ನನಗೆ ಕಾಣುವುದಿಲ್ಲ. ಕಡ್ಡಿ ಚುಚ್ಚಿ ಹೊಲಿದ ಮುತ್ತುಗದೆಲೆಯ ಪತ್ರಾವಳಿ, ಬಾಳೆ ಎಲೆ, ಅಡಿಕೆ ಹಾಳೆ ಆ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಬಾಳೆ ಎಲೆ ಉಂಡ ಮೇಲೆ ದನಕ್ಕೆ ಹಬ್ಬ. ಹಡಗಲಿ ಮಲ್ಲಿಗೆಯನ್ನು ಒದ್ದೆ ಬಟ್ಟೆ, ಬಾಳೆ ಎಲೆಯಲ್ಲಿ ಸುತ್ತಿ ಕಳಿಸಿದರೆ ಅರಳುವುದು ತಡವಾಗಿ ಊರು ಮುಟ್ಟುತ್ತದೆ. ಭೌಗೋಳಿಕ ಸೂಚ್ಯಂಕ ಪಡೆದ ಆ ಹೂವನ್ನು ಮಾರುಕಟ್ಟೆಯಲ್ಲಿ ಪ್ಲಾಸ್ಟಿಕ್ ಕವರಿಗೆ ತುಂಬುವುದು ನೋಡಲಾಗದು.

ಜೋಳದ ಲೋಟ, ಪಿಷ್ಟದ ಹಾಳೆ ಬೇಕಾಗುವುದು ಎಲೆಗೆ ಆಗದ ಕಡೆ. ಮಜ್ಜಿಗೆ, ಚಹಾ, ಪಾಯಸ, ಬೊಗಸೆ ಮಂಡಕ್ಕಿ, ಪ್ರಸಾದದ ಪುಡಿಸಕ್ಕರೆ. 2019ರ ಲಂಡನ್ ಮ್ಯಾರಥಾನ್‌ನಲ್ಲಿ ಓಟಗಾರರಿಗೆ ಪಾನೀಯವನ್ನು ಸಮುದ್ರಪಾಚಿಯಿಂದ ಮಾಡಿದ ಗುಳಿಗೆಯಲ್ಲಿ ಕೊಟ್ಟರು. ಬಾಯಿಗೆ ಹಾಕಿ ಕಚ್ಚಿದರೆ ಪಾನೀಯ, ಉಗುಳಿದರೂ ವಾರಗಳಲ್ಲಿ ಮಣ್ಣು. ನೋಟ್‌ಪ್ಲಾ ಎಂಬ ಆ ಸಂಸ್ಥೆಗೆ 2022ರಲ್ಲಿ ಅರ್ಥ್‌ಶಾಟ್ ಪ್ರಶಸ್ತಿ ಬಂತು. ಪಾದಯಾತ್ರೆಯ ನೀರಿಗೆ ಇದು ಹೊಂದುವಂತೆ ಕಂಡರೂ ನನಗೆ ಒಪ್ಪಿಗೆಯಿಲ್ಲ. ಸಮುದ್ರ ನಮ್ಮದಲ್ಲ, ಗುಳಿಗೆ ಹೆಚ್ಚು ದಿನ ಕೆಡದೆ ನಿಲ್ಲುವುದಿಲ್ಲ, ರಸ್ತೆಯ ದೂಳು ಕೂತ ಪೊರೆಯನ್ನು ಯಾರೂ ಬಾಯಿಗೆ ಹಾಕಬಾರದು. ನೀರಿಗೆ ಸ್ಟೀಲ್ ಲೋಟ ತೊಳೆದು ಕೊಡುವುದೇ ಸರಿ.

ಖಾದ್ಯ ಪೊಟ್ಟಣಕ್ಕೆ ಎಲ್ಲೆಗಳಿವೆ. ಪಿಷ್ಟದ ಹಾಳೆ ಎಣ್ಣೆಯನ್ನು, ಗಾಳಿಯನ್ನು ತಡೆದೀತು, ನೀರಾವಿಯನ್ನು ತಡೆಯದು. ಮಳೆಗಾಲದಲ್ಲಿ ಮೆತ್ತಗಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಇಲಿ, ಇರುವೆಗೆ ಅದೂ ಆಹಾರವೇ. ಹಾಲಿನ ಪ್ರೋಟೀನ್, ಗೋಧಿಯ ಅಂಟು ಒಗ್ಗದವರಿಗೆ ಒಳಗೇನಿದೆ ಎಂದು ಬರೆದು ತಿಳಿಸಬೇಕು, ಬರೆಯುವ ಶಾಯಿಯೂ ಖಾದ್ಯವಾಗಿರಬೇಕು. ಹಾಲು, ಅಡುಗೆ ಎಣ್ಣೆ, ಶಾಂಪೂ ಪಾಕೀಟುಗಳಿಗೆ ಇದು ಇಂದು ಉತ್ತರವಲ್ಲ. ಅವುಗಳ ಹೊಣೆ ಪಾಕೀಟು ಮಾಡಿ ಮಾರುವ ಕಂಪನಿಗಳದ್ದು, ವಾಪಸ್ ಪಡೆಯುವ ಕೆಲಸವನ್ನು ಕಾನೂನು ಅವರ ಮೇಲೇ ಹೊರಿಸಿದೆ. 2015ರವರೆಗೆ ಜಗತ್ತು ತಯಾರಿಸಿದ ಸುಮಾರು 830 ಕೋಟಿ ಟನ್ ಪ್ಲಾಸ್ಟಿಕ್‌ನಲ್ಲಿ ಕಸವಾದ ಪಾಲಿನ ಶೇ 9ರಷ್ಟು ಮಾತ್ರ ಮರುಬಳಕೆಯಾಗಿದೆ. ಜೋಳದ ಲೋಟ ಆ ರಾಶಿಯನ್ನು ಕರಗಿಸಲಾರದು. ನಾಲ್ಕು ಗುಟುಕಿನ ಮಜ್ಜಿಗೆಗೆ ಹುಟ್ಟಿ ನೂರಾರು ವರ್ಷ ಉಳಿಯುವ ಲೋಟವನ್ನು ಮಾತ್ರ ನಮ್ಮ ರಸ್ತೆಯಿಂದ ಇಳಿಸಬಲ್ಲದು. ಎತ್ತಿನ ಹೊಟ್ಟೆಗೆ ಅಷ್ಟೇ ಸಾಕು.

ಕಚ್ಚಾ ಮಾಲು ದೂರದಿಂದ ಬರಬೇಕಿಲ್ಲ. ಹರಪನಹಳ್ಳಿ ಸೀಮೆಯ ಮೆಕ್ಕೆಜೋಳದ ಕಾಳಿನಲ್ಲಿ ಶೇ 70ರಷ್ಟು ಪಿಷ್ಟವೇ. ಅದನ್ನು ಹಿಂಡಿ ತೆಗೆಯುವ ದೊಡ್ಡ ಕಾರ್ಖಾನೆಗಳು ಪಕ್ಕದ ಹಾವೇರಿ ಜಿಲ್ಲೆಯಲ್ಲೂ ಗೋಕಾಕದಲ್ಲೂ ಇವೆ. ನಮ್ಮ ರೈತ ಕಾಳು ಮಾರಿ ಕೈತೊಳೆದುಕೊಳ್ಳುತ್ತಾನೆ, ಬೆಲೆ ಕುಸಿದ ವರ್ಷ ರಸ್ತೆಗೆ ಇಳಿಯುತ್ತಾನೆ. ಪೊಟ್ಟಣ ಮಾಡುವ ಕೆಲಸವನ್ನು ಊರಿನಲ್ಲೇ ಹಿಡಿಯಬಹುದು, ಆದರೆ ಸ್ತ್ರೀಶಕ್ತಿ ಸಂಘಗಳಿಗೆ ಮೊದಲೇ ಪಿಷ್ಟದ ಹಾಳೆಯ ಯಂತ್ರ ಕೊಟ್ಟು ಸಾಲಕ್ಕೆ ಸಿಕ್ಕಿಸುವುದು ಬೇಡ. ಕಾಯಿಸಿದ ಅಚ್ಚಿನಲ್ಲಿ ಒತ್ತುವ ಜೋಳದ ಲೋಟ, ದೊನ್ನೆಗಳಿಂದ ಶುರುಮಾಡಬಹುದು. ಎಷ್ಟು ಹೊತ್ತು ಮಜ್ಜಿಗೆ ತಾಳುತ್ತದೆ, ಎಷ್ಟು ದಿನ ಕೆಡದೆ ಇರುತ್ತದೆ ಎಂಬ ಪರೀಕ್ಷೆಗೆ ಮೈಸೂರಿನ ಸಿಎಫ್‌ಟಿಆರ್‌ಐ ನೆರವು ಕೇಳಬಹುದು. ಕೊಳ್ಳುವವರು ಗಟ್ಟಿಯಾಗಿರಬೇಕು ಅಷ್ಟೆ. ದೇವಸ್ಥಾನಗಳ ಆಡಳಿತ, ಪಟ್ಟಣ ಪಂಚಾಯಿತಿ, ಪುರಸಭೆ ಸೇರಿ ಇಂತಿಷ್ಟು ಲೋಟ ನಾವು ಕೊಳ್ಳುತ್ತೇವೆ ಎಂದು ಮುಂಚಿತವಾಗಿ ಬರೆದುಕೊಡಲಿ. ಪೆಂಡಾಲು ಹಾಕುವ ಭಕ್ತರಿಗೆ ಅದೇ ಲೋಟವನ್ನು ಅಸಲು ಬೆಲೆಗೆ ಹಂಚಲಿ. ಮೆಕ್ಕೆಜೋಳದ ಕಟಾವು ಅಕ್ಟೋಬರ್, ನವೆಂಬರಿನಲ್ಲಿ ಮುಗಿಯುತ್ತದೆ. ಮೈಲಾರ, ಕೊಟ್ಟೂರು ಜಾತ್ರೆಗಳು ಬರುವುದು ಫೆಬ್ರುವರಿ ಹೊತ್ತಿಗೆ. ನಡುವೆ ಸುಮಾರು ಮೂರು ತಿಂಗಳ ಒಣಹವೆ ಇದೆ, ಹಿಟ್ಟು ಬೇಗ ಆರುತ್ತದೆ, ಹೊಲದ ಕೆಲಸವೂ ಆಗ ಕಡಿಮೆ.